ಬಿಸಿನೆಸ್ ಮತ್ತು ಐಟಿ ಮ್ಯಾನೇಜ್‌ಮೆಂಟ್ ಡಿಗ್ರಿ: ಎರಡು ದೋಣಿಯಲ್ಲಿ ಕಾಲಿಟ್ಟ ಹಾಗಾಗುತ್ತಾ?

ಅರ್ಧಂಬರ್ಧ

ಎಲ್ಲರಿಗೂ ನಮಸ್ಕಾರ. ವಿಶ್ವವಿದ್ಯಾಲಯದಲ್ಲಿ ಕೋರ್ಸ್ ಆರಿಸಿಕೊಳ್ಳುವ ಹೊತ್ತು ಬಂದಿದೆ. ನನ್ನ ಮುಂದೆ ಎರಡು ದಾರಿ ಇವೆ. ಒಂದು ಕಂಪ್ಯೂಟರ್ ಸೈನ್ಸ್. ಇನ್ನೊಂದು ಬಿಸಿನೆಸ್ ಮತ್ತು ಇನ್ಫರ್ಮೇಷನ್ ಟೆಕ್ನಾಲಜಿ ಮ್ಯಾನೇಜ್‌ಮೆಂಟ್.

ಎರಡನೆಯದರ ಸಿಲಬಸ್ ನೋಡಿದೆ. ಅಕೌಂಟಿಂಗ್, ಡೇಟಾಬೇಸ್, ಮಾರ್ಕೆಟಿಂಗ್, ಪ್ರೋಗ್ರಾಮಿಂಗ್, ಸ್ಟ್ಯಾಟಿಸ್ಟಿಕ್ಸ್, ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್, ಜೊತೆಗೆ ಒಂದಿಷ್ಟು ಕಾನೂನು. ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ. ನನಗೆ ಕೋಡ್ ಬರೆಯುವುದು ಇಷ್ಟ, ಆದರೆ ದಿನವಿಡೀ ಅದನ್ನೇ ಮಾಡುವಷ್ಟು ಹುಚ್ಚಿಲ್ಲ. ಒಂದು ಕಂಪನಿ ಹೇಗೆ ನಡೆಯುತ್ತದೆ ಅನ್ನುವುದರ ಬಗ್ಗೆ ಕುತೂಹಲ ಜಾಸ್ತಿ. ಆದರೆ ಕೊನೆಗೆ ಈ ಕಡೆ ಇಂಜಿನಿಯರೂ ಅಲ್ಲ, ಆ ಕಡೆ ಮ್ಯಾನೇಜರೂ ಅಲ್ಲ ಅನ್ನುವ ಸ್ಥಿತಿ ಬಂದರೆ ಏನು ಮಾಡುವುದು? ಓದಿದವರು, ಕೆಲಸ ಮಾಡುತ್ತಿರುವವರು ಹೇಳಿ. ಬ್ರೋಷರ್‌ನಲ್ಲಿ ಇರುವುದನ್ನು ಆಗಲೇ ಓದಿದ್ದೇನೆ.

ಸೆಮಿಕೋಲನ್

ಕಂಪ್ಯೂಟರ್ ಸೈನ್ಸ್ ತೆಗೆದುಕೊಳ್ಳಿ. ಯೋಚನೆ ಮಾಡುವುದೇ ಬೇಡ.

ಬ್ಯಾಲೆನ್ಸ್ ಶೀಟ್ ಓದುವುದನ್ನು ಕೆಲಸಕ್ಕೆ ಸೇರಿದ ಮೇಲೆ ಕಲಿಯಬಹುದು. ಆಪರೇಟಿಂಗ್ ಸಿಸ್ಟಂ, ಅಲ್ಗಾರಿದಂ, ನೆಟ್‌ವರ್ಕ್ ಹಾಗಲ್ಲ. ಅವುಗಳನ್ನು ಆಮೇಲೆ ಕಲಿತೀನಿ ಅಂದವರಲ್ಲಿ ನಿಜವಾಗಲೂ ಕಲಿತವರನ್ನು ನಾನು ಕಂಡಿದ್ದು ಕಡಿಮೆ. ನಮ್ಮ ಮೀಟಿಂಗ್‌ಗಳಿಗೆ ಈ ಡಿಗ್ರಿಯವರು ಬರುತ್ತಾರೆ. ಸ್ಲೈಡ್ ಚೆನ್ನಾಗಿ ಮಾಡುತ್ತಾರೆ. 'ಇದು ಸುಲಭ ಅಲ್ವಾ, ಒಂದು ಬಟನ್ ಸೇರಿಸಿದರಾಯಿತು' ಅನ್ನುತ್ತಾರೆ. ಆ ಬಟನ್ ಹಿಂದೆ ಏನೇನು ಬದಲಾಗಬೇಕು ಅನ್ನುವ ಅಂದಾಜೇ ಇರುವುದಿಲ್ಲ.

ಹಳೇ ಅನಲಿಸ್ಟ್

ಸೆಮಿಕೋಲನ್ ಹೇಳಿದ ಬಟನ್ ಮಂದಿ ಇದ್ದಾರೆ, ಇಲ್ಲ ಅನ್ನಲ್ಲ. ಆದರೆ ತಿರುಗಿಸಿಯೂ ನೋಡಿ. ಇಡೀ ಸಾಫ್ಟ್‌ವೇರ್ ತಾಂತ್ರಿಕವಾಗಿ ಸರಿ ಇದ್ದು, ಕಂಪನಿಯ ಕೆಲಸದ ರೀತಿಗೆ ಒಗ್ಗದೆ ಮೂಲೆ ಸೇರಿದ ಪ್ರಾಜೆಕ್ಟ್‌ಗಳು ಎಷ್ಟಿಲ್ಲ?

ಲಿಡ್ಲ್ ಕಥೆ ನೋಡಿ. ಜರ್ಮನಿಯ ದೊಡ್ಡ ಸೂಪರ್‌ಮಾರ್ಕೆಟ್ ಸರಣಿ. 2011ರಲ್ಲಿ ಎಸ್‌ಎಪಿ ತಂತ್ರಾಂಶ (ದಾಸ್ತಾನು, ಲೆಕ್ಕಪತ್ರ ಎಲ್ಲವನ್ನೂ ಒಂದೇ ಕಡೆ ನಡೆಸುವಂಥದ್ದು) ತರಲು ಹೊರಟರು. 2018ರಲ್ಲಿ ಕೈಬಿಟ್ಟರು. ಅಷ್ಟರಲ್ಲಿ ಸುಮಾರು 50 ಕೋಟಿ ಯೂರೋ ಖರ್ಚಾಗಿತ್ತು ಅಂತ ಪತ್ರಿಕೆಗಳು ಬರೆದವು. ಕಾರಣಗಳು ಹಲವು. ಆದರೆ ಎಲ್ಲರೂ ಎತ್ತಿ ಹೇಳುವುದು ಒಂದನ್ನು: ಲಿಡ್ಲ್ ತನ್ನ ದಾಸ್ತಾನಿನ ಬೆಲೆ ಕಟ್ಟುತ್ತಿದ್ದದ್ದು ಕೊಂಡ ದರದಲ್ಲಿ. ತಂತ್ರಾಂಶದ ಸಿದ್ಧ ಮಾದರಿ ಕಟ್ಟುತ್ತಿದ್ದದ್ದು ಮಾರುವ ದರದಲ್ಲಿ. ಕಂಪನಿ ತನ್ನ ಪದ್ಧತಿ ಬಿಡಲಿಲ್ಲ, ತಂತ್ರಾಂಶವನ್ನೇ ಬಗ್ಗಿಸಲು ಹೋಯಿತು. ಇದನ್ನು ಯಾವ ಅಲ್ಗಾರಿದಂ ಪರೀಕ್ಷೆಯೂ ಹಿಡಿಯುವುದಿಲ್ಲ. ದಾಸ್ತಾನು ಮೌಲ್ಯಮಾಪನ ಅಂದರೇನು ಅಂತ ಗೊತ್ತಿದ್ದು, ಅದು ಡೇಟಾಬೇಸ್‌ನಲ್ಲಿ ಎಲ್ಲೆಲ್ಲಿ ಕೂರುತ್ತದೆ ಅಂತಲೂ ಗೊತ್ತಿರುವವರು ಬೇಕು.

ಇನ್ನು ನನ್ನದೇ ಕೆಲಸದಿಂದ ಒಂದು ಉದಾಹರಣೆ. ಒಂದು ಕಡೆ ಗೋದಾಮಿನ ಲೆಕ್ಕ ಯಾವತ್ತೂ ತಾಳೆ ಆಗುತ್ತಿರಲಿಲ್ಲ. ಸ್ಕ್ರೀನ್ ಮೇಲೆ ಸರಕು ಇಲ್ಲ ಅಂತ ತೋರಿಸುತ್ತದೆ, ಕಪಾಟಿನಲ್ಲಿ ಇದೆ. ಸಿಸ್ಟಂ ನಿಧಾನ, ಸರ್ವರ್ ಬದಲಿಸಿ ಅಂತ ಎಲ್ಲರ ಒತ್ತಾಯ. ಸರಕು ಬರಮಾಡಿಕೊಳ್ಳುವ ಹೆಂಗಸಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತೆ. ಲಾರಿ ಬಂತು, ಡಬ್ಬಗಳು ಇಳಿದವು. ಅವರು ಕಂಪ್ಯೂಟರ್ ಮುಟ್ಟಲೇ ಇಲ್ಲ. ಒಂದು ಉದ್ದನೆಯ ನೋಟ್‌ಬುಕ್ ತೆಗೆದು ಬರೆದುಕೊಂಡರು. ಯಾಕಮ್ಮಾ ಅಂದರೆ, 'ಇನ್‌ವಾಯ್ಸ್ ನಂಬರ್ ಹಾಕದೆ ಈ ಸ್ಕ್ರೀನ್ ಸೇವ್ ಆಗಲ್ಲ ಸರ್, ಇನ್‌ವಾಯ್ಸ್ ಬರೋದು ಆಮೇಲೆ' ಅಂದರು. ಇನ್‌ವಾಯ್ಸ್ ಬರುವವರೆಗೆ ಆ ಸರಕು ಸಿಸ್ಟಂ ಪಾಲಿಗೆ ಇಲ್ಲವೇ ಇಲ್ಲ.

ಇದಕ್ಕೆ ಸರ್ವರ್ ಏನು ಮಾಡುತ್ತದೆ? ಆ ಕಾಲಂ ಖಾಲಿ ಬಿಡಲು ಅವಕಾಶ ಕೊಟ್ಟರೆ ಸಾಕು ಅಂತ ಡೆವಲಪರ್ ಅಂದ. ಹಣಕಾಸಿನವರು ಒಪ್ಪಲಿಲ್ಲ. ಸರಕು ಬಂತು ಅಂತ ದಾಸ್ತಾನು ಏರಿದರೆ, ಅಷ್ಟೇ ಮೊತ್ತದ ಬಾಕಿಯೂ ಎಲ್ಲಾದರೂ ಕೂರಬೇಕಲ್ವಾ? ಜಮಾ ಖರ್ಚು ಎರಡೂ ಕಡೆ ಸಮ ಇರಬೇಕು. ಕೊನೆಗೆ 'ಸರಕು ಬಂದಿದೆ, ಬಿಲ್ ಬಂದಿಲ್ಲ' ಅನ್ನುವ ಒಂದು ಮಧ್ಯಂತರ ಖಾತೆ ಮಾಡಿದೆವು. ಸರಕು ಬಂದ ದಿನ ದಾಸ್ತಾನು ಡೆಬಿಟ್, ಈ ಖಾತೆ ಕ್ರೆಡಿಟ್. ಬಿಲ್ ಬಂದಾಗ ಈ ಖಾತೆ ಡೆಬಿಟ್, ಪೂರೈಕೆದಾರರ ಖಾತೆ ಕ್ರೆಡಿಟ್. ದೊಡ್ಡ ಇಆರ್‌ಪಿ ತಂತ್ರಾಂಶಗಳಲ್ಲಿ, ಅಂದರೆ ಎಸ್‌ಎಪಿ ಥರ ಇಡೀ ಕಂಪನಿಯ ವ್ಯವಹಾರ ನಡೆಸುವಂಥವುಗಳಲ್ಲಿ, ಇದು ಮೊದಲಿನಿಂದಲೂ ಇರುವ ಏರ್ಪಾಡು. ಅಲ್ಲಿ ಯಾರೂ ಕೇಳಿರಲಿಲ್ಲ, ಯಾರೂ ಹೇಳಿರಲಿಲ್ಲ, ಅಷ್ಟೇ.

ಈ ಡಿಗ್ರಿ ಚೆನ್ನಾಗಿ ಓದಿದವರು ಮಾಡುವ ಕೆಲಸ ಇಂಥದ್ದು.

ಸೆಮಿಕೋಲನ್

ಕಥೆ ಚೆನ್ನಾಗಿದೆ ಸರ್. ಆದರೆ ಅದು ನಿಮ್ಮ ಅನುಭವ. ಡಿಗ್ರಿ ಕಲಿಸಿತು ಅಂತ ಹೇಗೆ ಹೇಳ್ತೀರಿ? ಕುರ್ಚಿ ಹಾಕಿಕೊಂಡು ಪಕ್ಕದಲ್ಲಿ ಕೂರೋದಕ್ಕೆ ವಿಶ್ವವಿದ್ಯಾಲಯ ಬೇಕಾ?

ಹಳೇ ಅನಲಿಸ್ಟ್

ಕೂರೋದಕ್ಕೆ ಬೇಡ. ಎರಡನೇ ಭಾಗಕ್ಕೆ ಬೇಕು. ಹಣಕಾಸಿನವರು ಯಾಕೆ ಒಪ್ಪಲಿಲ್ಲ ಅಂತ ಡೆವಲಪರ್‌ಗೆ ಕೊನೆಯವರೆಗೂ ಅರ್ಥ ಆಗಲಿಲ್ಲ. ಸುಮ್ನೆ ಹಠ ಮಾಡ್ತಾರೆ ಅಂದುಕೊಂಡ. ಡಬಲ್ ಎಂಟ್ರಿ, ಅಂದರೆ ಪ್ರತಿ ವ್ಯವಹಾರವನ್ನೂ ಡೆಬಿಟ್ ಕ್ರೆಡಿಟ್ ಎರಡೂ ಕಡೆ ಬರೆಯುವ ಪದ್ಧತಿ, ಓದಿದ್ದರೆ ಮೊದಲ ದಿನವೇ ತಿಳಿಯುತ್ತಿತ್ತು.

ಚಾಕ್‌ಪುಡಿ

ನಾನು ಇದೇ ವಿಷಯ ಪಾಠ ಮಾಡುವವಳು. ಹಾಗಾಗಿ ನನ್ನ ಮಾತನ್ನು ಸ್ವಲ್ಪ ಜರಡಿ ಹಿಡಿದೇ ತೆಗೆದುಕೊಳ್ಳಿ.

ಇದು ಮೊನ್ನೆ ಮೊನ್ನೆ ಹುಟ್ಟಿದ ಕೋರ್ಸ್ ಅಲ್ಲ. ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾಲಯದಲ್ಲಿ ಗಾರ್ಡನ್ ಡೇವಿಸ್ 1960ರ ದಶಕದ ಕೊನೆಯಲ್ಲೇ ಮ್ಯಾನೇಜ್‌ಮೆಂಟ್ ಇನ್ಫರ್ಮೇಷನ್ ಸಿಸ್ಟಮ್ಸ್ ಅಂತ ಪ್ರತ್ಯೇಕ ಓದು ಶುರು ಮಾಡಿದರು. ಕಂಪನಿಗಳು ಆಗ ಸಂಬಳದ ಪಟ್ಟಿಗೆ, ದಾಸ್ತಾನಿಗೆ ಕಂಪ್ಯೂಟರ್ ತಂದಿದ್ದವು. ಯಂತ್ರ ಗೊತ್ತಿದ್ದವರಿಗೆ ವ್ಯವಹಾರ ಗೊತ್ತಿರಲಿಲ್ಲ, ವ್ಯವಹಾರ ಗೊತ್ತಿದ್ದವರಿಗೆ ಯಂತ್ರ ಗೊತ್ತಿರಲಿಲ್ಲ. ಅಂದಿನ ತೊಂದರೆ ಇಂದೂ ಹಾಗೇ ಇದೆ. ಅದಕ್ಕೇ ಕೋರ್ಸೂ ಇದೆ.

ಒಂದೊಂದು ಕಡೆ ಒಂದೊಂದು ಹೆಸರು. ಎಲ್ಲೋ ಇನ್ಫರ್ಮೇಷನ್ ಸಿಸ್ಟಮ್ಸ್, ಎಲ್ಲೋ ಬಿಸಿನೆಸ್ ಇನ್ಫರ್ಮ್ಯಾಟಿಕ್ಸ್. ಹೆಸರು ನೋಡಿ ಆರಿಸಬೇಡಿ. ಎಸಿಎಂ ಮತ್ತು ಎಐಎಸ್ ಅನ್ನುವ ಎರಡು ಅಂತರರಾಷ್ಟ್ರೀಯ ಸಂಸ್ಥೆಗಳು ಸೇರಿ ಐಎಸ್2020 ಅನ್ನುವ ಮಾದರಿ ಪಠ್ಯಕ್ರಮ ಮಾಡಿವೆ. ಪದವಿ ಮುಗಿಸಿದವರಿಗೆ ಏನೇನು ಬರಬೇಕು ಅನ್ನುವುದು ಅದರಲ್ಲಿದೆ. ಎಲ್ಲರಿಗೂ ಸಿಗುತ್ತದೆ. ನಿಮ್ಮ ಸಿಲಬಸ್ ಪಕ್ಕಕ್ಕಿಟ್ಟು ಹೋಲಿಸಿ ನೋಡಿ.

ನಾನು ನೋಡುವುದು ಇಷ್ಟು. ಡೇಟಾಬೇಸ್ ಪೇಪರ್‌ನಲ್ಲಿ ವಿದ್ಯಾರ್ಥಿಗಳು ಕೈಯಾರೆ ಎಸ್‌ಕ್ಯುಎಲ್ (ಡೇಟಾಬೇಸ್‌ಗೆ ಪ್ರಶ್ನೆ ಕೇಳುವ ಭಾಷೆ) ಬರೆಯುತ್ತಾರಾ, ಇಲ್ಲಾ ನಾರ್ಮಲೈಸೇಷನ್‌ನ (ಒಂದೇ ಮಾಹಿತಿ ಎರಡು ಕಡೆ ಬರದಂತೆ ಟೇಬಲ್ ಒಡೆಯುವುದರ) ಅರ್ಥ ಬಾಯಿಪಾಠ ಮಾಡುತ್ತಾರಾ? ಪ್ರೋಗ್ರಾಮಿಂಗ್ ಒಂದೇ ಸೆಮಿಸ್ಟರ್‌ಗೆ ಮುಗಿಯುತ್ತದಾ? ಒಂದೇ ಆದರೆ ಸಾಲದು. ಸಿಸ್ಟಮ್ಸ್ ಅನಾಲಿಸಿಸ್ ಪೇಪರ್‌ಗೆ ಹೊರಗಿನ ಯಾವುದಾದರೂ ನಿಜವಾದ ಸಂಸ್ಥೆಯ ಸಮಸ್ಯೆ ತರುತ್ತಾರಾ, ಇಲ್ಲಾ ಹದಿನೈದು ವರ್ಷದಿಂದ ಅದೇ ಗ್ರಂಥಾಲಯ ನಿರ್ವಹಣಾ ವ್ಯವಸ್ಥೆಯನ್ನು ಬರೆಸುತ್ತಿದ್ದಾರಾ? ಇಂಟರ್ನ್‌ಶಿಪ್ ಕಡ್ಡಾಯವಾ? ಸ್ಟ್ಯಾಟಿಸ್ಟಿಕ್ಸ್ ಎಷ್ಟಿದೆ? ಇಷ್ಟಕ್ಕೆ ಉತ್ತರ ಸಿಕ್ಕರೆ ಆ ಕೋರ್ಸ್‌ನ ಜಾತಕ ಸಿಕ್ಕಿದ ಹಾಗೆಯೇ.

ನಮ್ಮ ಕ್ಷೇತ್ರದ ಒಂದು ಕೆಟ್ಟ ಚಾಳಿಯನ್ನೂ ಹೇಳಿಬಿಡುತ್ತೇನೆ. ಮಾಡೆಲ್‌ಗಳ ವ್ಯಾಮೋಹ. ನಾಲ್ಕು ಚೌಕ, ಐದು ಬಾಣ, ಒಂದು ಪಿರಮಿಡ್. ಕೆಲವಕ್ಕೆ ಅರ್ಥ ಇದೆ. ಉದಾಹರಣೆಗೆ ಫ್ರೆಡ್ ಡೇವಿಸ್ 1989ರಲ್ಲಿ ಕೊಟ್ಟ ಟೆಕ್ನಾಲಜಿ ಆಕ್ಸೆಪ್ಟೆನ್ಸ್ ಮಾಡೆಲ್. ಜನ ಹೊಸ ತಂತ್ರಾಂಶ ಒಪ್ಪುವುದು ಎರಡು ನೋಡಿ: ಇದರಿಂದ ನನ್ನ ಕೆಲಸಕ್ಕೆ ಉಪಯೋಗ ಇದೆಯಾ, ಬಳಸಲು ಸುಲಭವಾ. ಸರಳ, ಆದರೆ ಮೇಲಿನ ಗೋದಾಮಿನ ಕಥೆಗೆ ಹಾಕಿ ನೋಡಿ, ಕೂರುತ್ತದೆ. ಇನ್ನು ಕೆಲವು ಮಾಡೆಲ್ ಪರೀಕ್ಷೆಯ ಆಚೆ ಯಾರಿಗೂ ಬೇಡ. ಅವನ್ನು ಪಾಠ ಮಾಡುವಾಗ ನನಗೇ ಆಕಳಿಕೆ ಬರುತ್ತದೆ.

ಕೊನೆಬೆಂಚು

ಮೇಡಂ, ನಿಮ್ಮ ವಿದ್ಯಾರ್ಥಿಗಳು ಇದನ್ನು ಓದದಿರಲಿ 😄

ನಾನು ಕೊನೆಯ ವರ್ಷದಲ್ಲಿದ್ದೇನೆ. ಓದುವವರ ಕಡೆಯಿಂದ ಹೇಳುತ್ತೇನೆ.

ಮೊದಲ ವರ್ಷ ಗೊಂದಲವೇ. ಬೆಳಿಗ್ಗೆ ಪೈಥಾನ್ ಲೂಪ್, ಮಧ್ಯಾಹ್ನ ಡೆಬಿಟ್ ಕ್ರೆಡಿಟ್. ಎರಡಕ್ಕೂ ಏನು ಸಂಬಂಧ ಅಂತ ಯಾರೂ ಹೇಳುವುದಿಲ್ಲ. ಅಕೌಂಟಿಂಗ್ ಟೀಚರ್‌ಗೆ ಕಂಪ್ಯೂಟರ್ ಬೇಡ, ಪ್ರೋಗ್ರಾಮಿಂಗ್ ಟೀಚರ್‌ಗೆ ಲೆಕ್ಕಪತ್ರ ಬೇಡ. ಎರಡನೇ ವರ್ಷ ಡೇಟಾಬೇಸ್ ಬಂದಾಗ ನನಗೆ ಸ್ವಲ್ಪ ಬೆಳಕಾಯಿತು.

ಒಂದು ಸಣ್ಣ ಲೆಕ್ಕ ಕೊಟ್ಟಿದ್ದರು. ಗ್ರಾಹಕರ ಟೇಬಲ್ ಒಂದು, ಆರ್ಡರ್‌ಗಳ ಟೇಬಲ್ ಒಂದು. ಪ್ರತಿ ಗ್ರಾಹಕರೂ ಎಷ್ಟು ಆರ್ಡರ್ ಕೊಟ್ಟಿದ್ದಾರೆ, ಪಟ್ಟಿ ಮಾಡಿ. ಮಾಮೂಲಿ ಇನ್ನರ್ ಜಾಯಿನ್ (ಎರಡೂ ಟೇಬಲ್‌ನಲ್ಲಿ ಹೊಂದುವ ಸಾಲು ಮಾತ್ರ ಜೋಡಿಸುವುದು) ಮಾಡಿದವರ ಪಟ್ಟಿಯಲ್ಲಿ ಒಂದೂ ಆರ್ಡರ್ ಕೊಡದ ಗ್ರಾಹಕರು ಮಾಯ. ಮಾರ್ಕೆಟಿಂಗ್‌ನವರಿಗೆ ಬೇಕಾಗಿರುವುದೇ ಅವರು! ಸರಿ, ಲೆಫ್ಟ್ ಜಾಯಿನ್ (ಮೊದಲ ಟೇಬಲ್‌ನ ಎಲ್ಲರನ್ನೂ ಉಳಿಸಿಕೊಳ್ಳುವುದು) ಮಾಡಿದರೆ ಅವರೂ ಬಂದರು. ಆದರೆ ಆರ್ಡರ್ ಎಷ್ಟು ಅಂದರೆ 1 ಅಂತ ತೋರಿಸುತ್ತಿದೆ. ಸೊನ್ನೆ ಬರಬೇಕಿತ್ತಲ್ಲ? ಯಾಕೆ ಅಂದರೆ ಎಣಿಸಲು ಬಳಸುವ ಕೌಂಟ್ ಒಳಗೆ ನಕ್ಷತ್ರದ ಗುರುತು ಹಾಕಿದರೆ ಅದು ಸಾಲುಗಳನ್ನು ಎಣಿಸುತ್ತದೆ. ಆರ್ಡರ್ ಇಲ್ಲದ ಗ್ರಾಹಕರಿಗೂ ಒಂದು ಸಾಲು ಇದ್ದೇ ಇದೆ, ಆರ್ಡರ್ ಜಾಗದಲ್ಲಿ ನಲ್ (ಖಾಲಿ) ಇಟ್ಟುಕೊಂಡು. ಕೌಂಟ್ ಒಳಗೆ ಆರ್ಡರ್ ಸಂಖ್ಯೆಯ ಕಾಲಂ ಹೆಸರು ಹಾಕಿದರೆ ನಲ್ ಬಿಟ್ಟು ಎಣಿಸುತ್ತದೆ, ಸೊನ್ನೆ ಬರುತ್ತದೆ. ಮೂರು ಉತ್ತರಕ್ಕೂ ಎರರ್ ಬರುವುದಿಲ್ಲ. ಮೂರೂ ನೋಡಲು ಚೆನ್ನಾಗೇ ಇವೆ. ಯಾವುದು ಸರಿ ಅನ್ನುವುದನ್ನು ಕೇಳಿದ ಪ್ರಶ್ನೆ ಹೇಳಬೇಕು, ಕಂಪ್ಯೂಟರ್ ಹೇಳಲ್ಲ.

ಫೈನಾನ್ಸ್‌ನಲ್ಲೂ ಇಂಥದ್ದೇ ಒಂದು. ಹೊಸ ತಂತ್ರಾಂಶಕ್ಕೆ ಇವತ್ತು 100 ಹಾಕಬೇಕು. ಮುಂದಿನ ಮೂರು ವರ್ಷ ವರ್ಷಕ್ಕೆ 40 ಉಳಿತಾಯ. ಒಟ್ಟು 120, ಲಾಭ 20 ಅಂತ ಯಾರು ಬೇಕಾದರೂ ಹೇಳುತ್ತಾರೆ. ಆದರೆ ಮುಂದೆ ಬರುವ ಹಣಕ್ಕೆ ಇವತ್ತಿನಷ್ಟು ಬೆಲೆ ಇಲ್ಲ. ಹಣದ ವೆಚ್ಚ ವರ್ಷಕ್ಕೆ ಶೇಕಡಾ 10 ಅಂತ ಹಿಡಿದು ಇವತ್ತಿನ ಬೆಲೆಗೆ ಇಳಿಸಿ: 36.36, 33.06, 30.05. ಕೂಡಿದರೆ 99.47. ಲಾಭ ಹೋಗಲಿ, ಹಾಕಿದ್ದೂ ಪೂರ್ತಿ ಬರಲಿಲ್ಲ. ಪ್ರಾಜೆಕ್ಟ್ ಒಂದು ವರ್ಷ ತಡ ಆದರೆ ಕಥೆ ಇನ್ನೂ ಬೇರೆ. ಐಟಿ ಬಜೆಟ್ ಮೀಟಿಂಗ್‌ಗಳಲ್ಲಿ ಯಾಕೆ ಅಷ್ಟು ಜಗಳ ಆಗುತ್ತದೆ ಅಂತ ಅವತ್ತು ತಿಳಿಯಿತು.

ಗ್ರೂಪ್ ಪ್ರಾಜೆಕ್ಟ್ ಬಗ್ಗೆ ಕೇಳಬೇಡಿ. ಪ್ರತಿ ಪೇಪರ್‌ಗೂ ಒಂದು. ಐವರಲ್ಲಿ ಇಬ್ಬರು ಕೆಲಸ ಮಾಡುತ್ತಾರೆ, ಒಬ್ಬ ಫಾಂಟ್ ಬದಲಿಸುತ್ತಾನೆ, ಇಬ್ಬರು ಪ್ರೆಸೆಂಟೇಷನ್ ದಿನ ಚೆನ್ನಾಗಿ ಡ್ರೆಸ್ ಮಾಡಿಕೊಂಡು ಬರುತ್ತಾರೆ. ಮಾರ್ಕ್ಸ್ ಎಲ್ಲರಿಗೂ ಒಂದೇ. ಟೀಚರ್ ಹತ್ತಿರ ದೂರಿದರೆ 'ಕೆಲಸದಲ್ಲೂ ಹೀಗೇ ಇರುತ್ತದೆ' ಅನ್ನುತ್ತಾರೆ. ಇರಬಹುದು. ಆದರೆ ಅಲ್ಲಿ ಸಂಬಳ ಕೊಡುತ್ತಾರಲ್ವಾ?

ಸುಮ್ನೆ ಓದುವವ

ಒಂದು ದಡ್ಡ ಪ್ರಶ್ನೆ. ನಮ್ಮ ಆಫೀಸಿನಲ್ಲಿ ಎಲ್ಲವೂ ಎಕ್ಸೆಲ್‌ನಲ್ಲೇ ನಡೆಯುತ್ತದೆ. ಡೇಟಾಬೇಸ್, ಇಆರ್‌ಪಿ ಅಂತ ಇಷ್ಟೆಲ್ಲಾ ಓದಿದವರು ಕೊನೆಗೆ ಎಕ್ಸೆಲ್ ಮುಂದೆಯೇ ಕೂರುತ್ತಾರಲ್ವಾ?

ತಾಳೆಪಟ್ಟಿ

ದಡ್ಡ ಪ್ರಶ್ನೆ ಏನಲ್ಲ. ನಾನು ಐಟಿ ಆಡಿಟ್ ಮಾಡುವವಳು. ಎಕ್ಸೆಲ್ ಇಲ್ಲದ ಕಂಪನಿ ನಾನಂತೂ ನೋಡಿಲ್ಲ. ಅದೇ ನನ್ನ ಅನ್ನದಾತ ಕೂಡ.

2020ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡ್‌ನಲ್ಲಿ ನಡೆದದ್ದನ್ನು ನೆನಪಿಸಿಕೊಳ್ಳಿ. ಕೊರೋನಾ ಪರೀಕ್ಷೆಯ ಫಲಿತಾಂಶಗಳನ್ನು ಒಟ್ಟು ಮಾಡುವಾಗ ಹಳೆಯ ಎಕ್ಸ್‌ಎಲ್‌ಎಸ್ ಫೈಲ್ ಬಳಸುತ್ತಿದ್ದರು. ಆ ಬಗೆಯ ಫೈಲ್‌ನಲ್ಲಿ ಒಂದು ಹಾಳೆಗೆ 65,536 ಸಾಲು ಮಾತ್ರ. ಅದಕ್ಕಿಂತ ಜಾಸ್ತಿ ಬಂದದ್ದು ಸದ್ದಿಲ್ಲದೆ ಬಿದ್ದುಹೋಯಿತು. 15,841 ಪಾಸಿಟಿವ್ ಪ್ರಕರಣಗಳು ದಿನದ ಲೆಕ್ಕದಿಂದ ತಪ್ಪಿದವು. ಸೋಂಕಿತರಿಗೆ ಫಲಿತಾಂಶ ತಲುಪಿತ್ತು, ಆದರೆ ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸ ತಡವಾಯಿತು. ಹೊಸ ಬಗೆಯ ಫೈಲ್‌ನಲ್ಲಿ 10 ಲಕ್ಷಕ್ಕೂ ಮೀರಿ ಸಾಲುಗಳಿಗೆ ಜಾಗ ಇದೆ. ಆದರೆ ಜಾಗ ಹೆಚ್ಚಿದ ಮಾತ್ರಕ್ಕೆ ಇಂಥ ಅಪಾಯ ಹೋಗಲ್ಲ. ಬಂದದ್ದೆಷ್ಟು, ಸೇರಿದ್ದೆಷ್ಟು ಅಂತ ತಾಳೆ ನೋಡುವ ಒಂದು ಹಂತ ಎಲ್ಲಿ ಹೋಯಿತು? ಇದೇ ನಮ್ಮ ಪ್ರಶ್ನೆ.

ಅರ್ಧಂಬರ್ಧ ಅವರಿಗೆ: ಈ ಡಿಗ್ರಿಯಲ್ಲಿ ಎಲ್ಲರೂ ಬೈಯುವ ಪೇಪರ್ ಅಂದರೆ ಐಟಿ ಗವರ್ನೆನ್ಸ್ ಮತ್ತು ಸರ್ವಿಸ್ ಮ್ಯಾನೇಜ್‌ಮೆಂಟ್. ಐಟಿಐಎಲ್, ಕೋಬಿಟ್ ಅಂತ ಐಟಿ ಕೆಲಸ ನಡೆಸುವ ಕ್ರಮದ ಚೌಕಟ್ಟುಗಳು ಬರುತ್ತವೆ. ಬರೀ ಅನುಮೋದನೆ, ನಮೂನೆ, ಪಟ್ಟಿ. ನಿದ್ದೆ ಗ್ಯಾರಂಟಿ. ಆ ಪೇಪರ್ ಶುರುವಾಗುವ ಮೊದಲು ನೈಟ್ ಕ್ಯಾಪಿಟಲ್ ಪ್ರಕರಣ ಓದಿಕೊಳ್ಳಿ, ನಿದ್ದೆ ಹಾರಿಹೋಗುತ್ತದೆ.

ಅದು ಅಮೆರಿಕದ ಷೇರು ವಹಿವಾಟು ಸಂಸ್ಥೆ. 2012ರ ಆಗಸ್ಟ್ 1. ಹೊಸ ಕೋಡ್ ಅನ್ನು 8 ಸರ್ವರ್‌ಗಳಿಗೆ ಹಾಕಬೇಕಿತ್ತು. ಹಾಕಿದವರು ಒಂದನ್ನು ಬಿಟ್ಟರು. ಆ ಒಂದರಲ್ಲಿ ವರ್ಷಗಳ ಹಿಂದೆಯೇ ಬಳಕೆ ನಿಲ್ಲಿಸಿದ್ದ ಹಳೆಯ ಕೋಡ್ ಹಾಗೇ ಕೂತಿತ್ತು. ಹಳೆಯ ಕೋಡ್ ಎಚ್ಚರಗೊಳ್ಳುವ ಸೂಚನೆಯನ್ನೇ ಹೊಸ ಕೆಲಸಕ್ಕೂ ಬಳಸಿಕೊಂಡಿದ್ದರು. ಮಾರುಕಟ್ಟೆ ತೆರೆಯುತ್ತಿದ್ದಂತೆ ಅದು ಎದ್ದು ಒಂದೇ ಸಮ ಆರ್ಡರ್ ಕಳಿಸತೊಡಗಿತು. ಸುಮಾರು 45 ನಿಮಿಷದಲ್ಲಿ 44 ಕೋಟಿ ಡಾಲರ್‌ಗೂ ಮೀರಿ ನಷ್ಟ. ಸಂಸ್ಥೆ ಸ್ವತಂತ್ರವಾಗಿ ಉಳಿಯಲಿಲ್ಲ, ಮುಂದಿನ ವರ್ಷ ಬೇರೆ ಕಂಪನಿ ಜೊತೆ ಸೇರಿಹೋಯಿತು.

ಆಮೇಲೆ ಅಲ್ಲಿನ ನಿಯಂತ್ರಕರ ಆದೇಶದಲ್ಲಿ ಏನಿತ್ತು ಗೊತ್ತಾ? ಒಬ್ಬರು ಹಾಕಿದ ಕೋಡನ್ನು ಇನ್ನೊಬ್ಬರು ನೋಡಬೇಕು ಅನ್ನುವ ಲಿಖಿತ ಕ್ರಮವೇ ಇರಲಿಲ್ಲ. ಮಾರುಕಟ್ಟೆ ತೆರೆಯುವ ಮೊದಲೇ ಸಿಸ್ಟಂ ತಾನಾಗಿ 97 ಇಮೇಲ್ ಕಳಿಸಿತ್ತು. ಅವನ್ನು ಎಚ್ಚರಿಕೆ ಅಂತ ಯಾರೂ ನೋಡುವ ಏರ್ಪಾಡೂ ಇರಲಿಲ್ಲ. ನೀವು ತರಗತಿಯಲ್ಲಿ ಆಕಳಿಸುತ್ತಾ ಬರೆದುಕೊಳ್ಳುವ ಚೇಂಜ್ ಮ್ಯಾನೇಜ್‌ಮೆಂಟ್ ಅಂದರೆ ಈ ಎರಡು ವಾಕ್ಯ.

ಸೆಮಿಕೋಲನ್

ತಾಳೆಪಟ್ಟಿ ಮೇಡಂ, ಇದು ಕೋಡ್ ಬರೆಯುವವರ ತಪ್ಪೂ ಹೌದು. ಸತ್ತ ಕೋಡನ್ನು ಅಳಿಸಬೇಕು, ಹಳೆಯ ಫ್ಲಾಗನ್ನು, ಅಂದರೆ ಆ ಸೂಚನೆಯನ್ನು, ಮತ್ತೆ ಬಳಸಬಾರದು. ಇದನ್ನು ಒಬ್ಬ ಒಳ್ಳೆಯ ಇಂಜಿನಿಯರ್ ತಡೆಯುತ್ತಿದ್ದ.

ತಾಳೆಪಟ್ಟಿ

ಖಂಡಿತ ತಡೆಯುತ್ತಿದ್ದ. ಅವನು ಅವತ್ತು ರಜೆ ಹಾಕಿದ್ದರೆ?

ಅರ್ಧಂಬರ್ಧ

ಇಷ್ಟು ಬರುತ್ತದೆ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್. ಇನ್ನೆರಡು ಕೇಳಲಾ? ಒಂದು, ಓದು ಮುಗಿದ ಮೇಲೆ ಮೊದಲ ಕೆಲಸ ಯಾವ ಥರದ್ದು ಸಿಗುತ್ತದೆ? ಎರಡು, ಎಐ ಬಂದಿದೆಯಲ್ಲ. ವರದಿ, ಡಯಾಗ್ರಾಂ, ಎಸ್‌ಕ್ಯುಎಲ್ ಎಲ್ಲಾ ಅದೇ ಬರೆದುಕೊಡುತ್ತದೆ. ಮಧ್ಯದಲ್ಲಿ ನಿಲ್ಲುವವರಿಗೇ ಮೊದಲು ಕೆಲಸ ಹೋಗುತ್ತದೆ ಅಂತ ಅಣ್ಣ ಹೆದರಿಸುತ್ತಿದ್ದಾನೆ.

ಹಳೇ ಅನಲಿಸ್ಟ್

ಮೊದಲ ಕೆಲಸ: ಬಿಸಿನೆಸ್ ಅನಲಿಸ್ಟ್, ಡೇಟಾ ಅನಲಿಸ್ಟ್, ಇಆರ್‌ಪಿ ಕನ್ಸಲ್ಟೆಂಟ್ ಕೈಕೆಳಗಿನ ಹುದ್ದೆ, ಐಟಿ ಆಡಿಟ್, ಪ್ರಾಜೆಕ್ಟ್ ಆಫೀಸ್, ಪ್ರಾಡಕ್ಟ್ ಸಪೋರ್ಟ್. ಹೆಸರಿನಲ್ಲಿ ಮ್ಯಾನೇಜ್‌ಮೆಂಟ್ ಇದೆ ಅಂತ ಮೊದಲ ದಿನವೇ ಯಾರೂ ಮ್ಯಾನೇಜರ್ ಕುರ್ಚಿ ಕೊಡುವುದಿಲ್ಲ. ಟೆಸ್ಟಿಂಗ್ ಮಾಡಿಸುತ್ತಾರೆ, ಮೀಟಿಂಗ್ ನೋಟ್ಸ್ ಬರೆಸುತ್ತಾರೆ. ಬೇಜಾರು ಮಾಡಿಕೊಳ್ಳಬೇಡಿ. ನೋಟ್ಸ್ ಬರೆಯುವವರಿಗೆ ಕಂಪನಿಯ ಒಳಗುಟ್ಟು ಬೇಗ ತಿಳಿಯುತ್ತದೆ.

ಎಐ ವಿಷಯ. ಅಣ್ಣನ ಮಾತು ಪೂರ್ತಿ ತಪ್ಪಲ್ಲ. ಹೇಳಿದ್ದನ್ನು ಅಚ್ಚುಕಟ್ಟಾಗಿ ಬರೆದುಕೊಡುವುದೇ ಕೆಲಸವಾಗಿದ್ದವರಿಗೆ ಕಷ್ಟ ಇದೆ. ನಾನೇ ಡ್ರಾಫ್ಟ್‌ಗೆ ಅದನ್ನು ಬಳಸುತ್ತೇನೆ. ಆದರೆ ಆ ಉದ್ದನೆಯ ನೋಟ್‌ಬುಕ್ ಬಗ್ಗೆ ಯಾವ ದಾಖಲೆಯಲ್ಲೂ ಇರಲಿಲ್ಲ. ಅದಕ್ಕೆ ಯಾರು ಹೇಳುತ್ತಾರೆ? ಕೊನೆಬೆಂಚು ಹೇಳಿದ ಮೂರು ಉತ್ತರಗಳನ್ನೂ ಎಐ ಕ್ಷಣದಲ್ಲಿ ಬರೆದುಕೊಡುತ್ತದೆ. ಯಾವುದು ಬೇಕು ಅಂತ ತಿಳಿದು ಕೇಳುವವರು, ಬಂದದ್ದನ್ನು ನೋಡಿ 'ಇಲ್ಲಿ ಸೊನ್ನೆ ಬರಬೇಕಿತ್ತಲ್ಲ' ಅನ್ನುವವರು ಬೇಕು. ಹಾಗಾಗಿ ಎಸ್‌ಕ್ಯುಎಲ್ ಕಲಿಯುವುದು ಬೇಡ ಅನ್ನುವ ಮಾತು ನಂಬಬೇಡಿ. ಬರೆಯುವ ಶ್ರಮ ಕಡಿಮೆಯಾಗಿದೆ, ಓದಿ ತಪ್ಪು ಹಿಡಿಯುವ ಶ್ರಮ ಜಾಸ್ತಿಯಾಗಿದೆ.

ಇನ್ನೊಂದು ಮಾತು. ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಪೇಪರ್‌ನಲ್ಲಿ ಹರ್ಷೀಸ್ ಚಾಕೊಲೇಟ್ ಕಂಪನಿಯ ಪ್ರಕರಣ ಬರಬಹುದು. 48 ತಿಂಗಳು ಬೇಕು ಅಂತ ಸಲಹೆ ಇದ್ದ ಇಆರ್‌ಪಿ ಕೆಲಸವನ್ನು 30 ತಿಂಗಳಿಗೆ ಇಳಿಸಿದರು. 1999ರ ಜುಲೈನಲ್ಲಿ ಶುರು ಮಾಡಿದರು. ಅಮೆರಿಕದಲ್ಲಿ ಚಾಕೊಲೇಟ್ ಹೆಚ್ಚು ಬಿಕರಿಯಾಗುವ ಹ್ಯಾಲೋವೀನ್ ಸಮಯಕ್ಕೆ ಸುಮಾರು 10 ಕೋಟಿ ಡಾಲರ್ ಮೌಲ್ಯದ ಆರ್ಡರ್ ಪೂರೈಸಲು ಆಗಲಿಲ್ಲ. ಗೋದಾಮಿನಲ್ಲಿ ಚಾಕೊಲೇಟ್ ಇತ್ತು! ಇದನ್ನು ಓದಿದವರು ಸಾಮಾನ್ಯವಾಗಿ 'ಟೆಸ್ಟಿಂಗ್ ಸಾಲದು' ಅಂತ ಬರೆದು ಮಾರ್ಕ್ಸ್ ತಗೊಳ್ಳುತ್ತಾರೆ. ನೀವು ಕೇಳಬೇಕಾದದ್ದು, 30 ತಿಂಗಳಿಗೆ ಆಗಲ್ಲ ಅಂತ ಗೊತ್ತಿದ್ದವರು ಅದನ್ನು ಯಾರಿಗೆ, ಹೇಗೆ ಹೇಳಬಹುದಿತ್ತು ಅಂತ. ಇದು ಸಿಲಬಸ್‌ನಲ್ಲಿ ಇರಲ್ಲ. ತರಗತಿಯಲ್ಲಿ ಎತ್ತಿದರೆ ಚರ್ಚೆ ಚೆನ್ನಾಗಿ ಆಗುತ್ತದೆ.

ಸೆಮಿಕೋಲನ್

ಸರಿ, ನಾನು ಪೂರ್ತಿ ಒಪ್ಪಿಲ್ಲ, ಆದರೆ ಒಂದು ರಾಜಿ ಸೂತ್ರ ಹೇಳುತ್ತೇನೆ. ಈ ಡಿಗ್ರಿಯನ್ನೇ ತೆಗೆದುಕೊಳ್ಳುವುದಾದರೆ ಎಲೆಕ್ಟಿವ್‌ಗಳನ್ನು ಸುಲಭದ ಪೇಪರ್‌ಗೆ ಬಲಿ ಕೊಡಬೇಡಿ. ಡೇಟಾ ಸ್ಟ್ರಕ್ಚರ್ಸ್ ಒಂದು, ನೆಟ್‌ವರ್ಕ್ ಅಥವಾ ಸೆಕ್ಯುರಿಟಿ ಒಂದು ತೆಗೆದುಕೊಳ್ಳಿ. ಒಂದು ಸಣ್ಣ ವೆಬ್ ಅಪ್ಲಿಕೇಷನ್ ಆದರೂ ಮೊದಲಿನಿಂದ ಕೊನೆವರೆಗೆ ನೀವೇ ಕಟ್ಟಿ. ಲಾಗಿನ್, ಡೇಟಾಬೇಸ್, ಎರರ್ ಬಂದಾಗ ಏನು ಮಾಡುವುದು, ಎಲ್ಲಾ ಸೇರಿ. ಆಗ 'ಒಂದು ಬಟನ್ ಅಷ್ಟೇ ಅಲ್ವಾ' ಅನ್ನುವ ಮಾತು ನಿಮ್ಮ ಬಾಯಲ್ಲಿ ಬರಲ್ಲ. ನನಗೆ ಅಷ್ಟೇ ಬೇಕಿರುವುದು.

ಅದಿಲ್ಲದೆ ಬರೀ ಸ್ಲೈಡ್ ಮಾಡುತ್ತಾ ಮುಗಿಸುವುದಾದರೆ ನನ್ನ ಮೊದಲ ಉತ್ತರವೇ.

ಕೊನೆಬೆಂಚು

ಇದಕ್ಕೆ ನನ್ನದೂ ಓಟು. ನಮ್ಮ ಬ್ಯಾಚ್‌ನಲ್ಲಿ ಇಂಟರ್ನ್‌ಶಿಪ್ ಬೇಗ ಸಿಕ್ಕಿದ್ದು ಯಾವುದಾದರೂ ಒಂದರಲ್ಲಿ ಕೈ ಪಳಗಿಸಿಕೊಂಡವರಿಗೇ. ಒಬ್ಬಳು ಡೇಟಾ ಹಿಡಿದಳು, ಇನ್ನೊಬ್ಬ ಇಆರ್‌ಪಿಯ ಹಣಕಾಸು ಭಾಗ ಹಿಡಿದ. ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಅಂತ ಉಳಿದವರು ಸಂದರ್ಶನದಲ್ಲಿ ಎರಡನೇ ಪ್ರಶ್ನೆಗೇ ತಡವರಿಸಿದರು. ಮೊದಲ ಪ್ರಶ್ನೆ ಯಾವಾಗಲೂ ಸುಲಭ ಇರುತ್ತದೆ. 'ಅದನ್ನು ನೀವು ಹೇಗೆ ಮಾಡಿದಿರಿ, ತೋರಿಸಿ' ಅನ್ನುವುದು ಎರಡನೆಯದು.

ಸರ್ಟಿಫಿಕೇಟ್‌ಗಳ ಹಿಂದೆ ಮಾತ್ರ ಬೀಳಬೇಡಿ. ಓದುವಾಗಲೇ ಪ್ರೊಫೈಲ್‌ನಲ್ಲಿ ಆರೇಳು ಬ್ಯಾಡ್ಜ್ ಹಾಕಿಕೊಂಡವರನ್ನು ನೋಡಿದ್ದೇನೆ.

ತಾಳೆಪಟ್ಟಿ

ಸರ್ಟಿಫಿಕೇಟ್ ಬಗ್ಗೆ ಒಂದು ಮಾತು. ಆಡಿಟ್ ಕಡೆ ಬರುವುದಾದರೆ ಐಸಾಕಾ ಸಂಸ್ಥೆ ಕೊಡುವ ಸಿಸಾ ಅನ್ನುವ ಐಟಿ ಆಡಿಟ್ ಸರ್ಟಿಫಿಕೇಟ್ ಬೇಕಾಗುತ್ತದೆ. ಆದರೆ ಪರೀಕ್ಷೆ ಪಾಸಾದರೆ ಮಾತ್ರ ಸಾಲದು, 5 ವರ್ಷದ ಕೆಲಸದ ಅನುಭವ ಕೇಳುತ್ತಾರೆ. ಪದವಿಗೆ ಸ್ವಲ್ಪ ರಿಯಾಯಿತಿ ಸಿಗುತ್ತದೆ. ಹಾಗಾಗಿ ಈಗಲೇ ತಲೆ ಕೆಡಿಸಿಕೊಳ್ಳಬೇಡಿ. ಆ ಹೊತ್ತಿನಲ್ಲಿ ಅಕೌಂಟಿಂಗ್ ಗಟ್ಟಿ ಮಾಡಿಕೊಳ್ಳಿ. ಲೆಕ್ಕಪತ್ರ ಗೊತ್ತಿರುವ ಐಟಿಯವರು ನಮಗೆ ಸಿಗುವುದೇ ಇಲ್ಲ.

ಅರ್ಧಂಬರ್ಧ

ನಿನ್ನೆ ಆ ವಿಭಾಗಕ್ಕೆ ಮೇಲ್ ಮಾಡಿ ಚಾಕ್‌ಪುಡಿ ಮೇಡಂ ಹೇಳಿದ ಪ್ರಶ್ನೆಗಳನ್ನೇ ಕೇಳಿದೆ. ಉತ್ತರ ಬಂತು. ಪ್ರೋಗ್ರಾಮಿಂಗ್ ಮೂರು ಪೇಪರ್, ಎಸ್‌ಕ್ಯುಎಲ್ ಲ್ಯಾಬ್ ಇದೆ, ಕೊನೆಯ ವರ್ಷ ಹೊರಗಿನ ಸಂಸ್ಥೆಯ ಪ್ರಾಜೆಕ್ಟ್ ಕಡ್ಡಾಯ. ಸ್ಟ್ಯಾಟಿಸ್ಟಿಕ್ಸ್ ಮಾತ್ರ ಒಂದೇ ಪೇಪರ್. ಡೇಟಾ ಸ್ಟ್ರಕ್ಚರ್ಸ್ ಅನ್ನು ಕಂಪ್ಯೂಟರ್ ಸೈನ್ಸ್ ವಿಭಾಗದಿಂದ ಎಲೆಕ್ಟಿವ್ ಆಗಿ ತೆಗೆದುಕೊಳ್ಳಬಹುದಂತೆ. ಸೇರುವುದು ಅಂತ ಹೆಚ್ಚೂಕಡಿಮೆ ನಿರ್ಧಾರ ಮಾಡಿದ್ದೇನೆ. ಸೆಮಿಕೋಲನ್ ಅಣ್ಣ ಬೈಯಬೇಡಿ.

ತರಗತಿ ಶುರುವಾಗುವ ಮೊದಲು ಒಂದಿಷ್ಟು ಸಮಯ ಇದೆ. ಏನಾದರೂ ಮಾಡಿಕೊಳ್ಳಲಾ?

ಸೆಮಿಕೋಲನ್

ಬೈಯಲ್ಲ. ಡೇಟಾ ಸ್ಟ್ರಕ್ಚರ್ಸ್ ಪೇಪರ್ ಬಿಟ್ಟರೆ ಬೈತೀನಿ.

ಚಾಕ್‌ಪುಡಿ

ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್ ತಂತ್ರಾಂಶ ಇನ್‌ಸ್ಟಾಲ್ ಮಾಡಿಕೊಳ್ಳಿ, ಉಚಿತ. ನಿಮಗೆ ಹತ್ತಿರದಿಂದ ಗೊತ್ತಿರುವ ಒಂದು ಸಣ್ಣ ವ್ಯವಹಾರ ಆರಿಸಿ. ಒಂದು ಕ್ಲಬ್ಬಿನ ಚಂದಾ ಆದರೂ ಸಾಕು. ಟೇಬಲ್‌ಗಳನ್ನು ಮೊದಲು ಕಾಗದದ ಮೇಲೆ ಬರೆಯಿರಿ, ಯಾವುದಕ್ಕೂ ಯಾವುದಕ್ಕೂ ಏನು ಸಂಬಂಧ ಅಂತ ಗೆರೆ ಎಳೆಯಿರಿ. ಆಮೇಲೆ ಕಂಪ್ಯೂಟರ್ ಮುಟ್ಟಿ. ಅರ್ಧ ಚಂದಾ ಕೊಟ್ಟವರನ್ನು, ಮಧ್ಯದಲ್ಲಿ ಬಿಟ್ಟು ಮತ್ತೆ ಸೇರಿದವರನ್ನು ಎಲ್ಲಿ ಇಡುತ್ತೀರಿ ಅಂತ ನೋಡಿ. ಅಲ್ಲಿ ಸಿಕ್ಕಿಹಾಕಿಕೊಂಡರೆ ಇಲ್ಲೇ ಬರೆಯಿರಿ. ಸ್ಟ್ಯಾಟಿಸ್ಟಿಕ್ಸ್ ಒಂದೇ ಪೇಪರ್ ಅನ್ನುವುದು ಕೊರತೆಯೇ, ಎರಡನೇ ವರ್ಷ ಇನ್ನೊಂದು ಹುಡುಕಿ ಸೇರಿಸಿಕೊಳ್ಳಿ.

ಪೋಸ್ಟ್‌ಗ್ರೆಸ್ ಹಾಕುವಾಗ ಒಂದು ಪಾಸ್‌ವರ್ಡ್ ಕೇಳುತ್ತದೆ. ಅದನ್ನು ಎಲ್ಲಾದರೂ ಜೋಪಾನವಾಗಿ ಇಟ್ಟುಕೊಳ್ಳಿ. ನನ್ನ ಮೊದಲ ಲ್ಯಾಬ್ ತರಗತಿ ಪ್ರತಿ ವರ್ಷವೂ ಅದನ್ನು ಮರೆತವರಿಗೆ ಸಹಾಯ ಮಾಡುವುದರಲ್ಲೇ ಮುಗಿಯುತ್ತದೆ.